ಚಳಿಗಾಲದ ಅಳತೆ

ಪರ್ಲ್ ಅಂದ್ರಾದೆ ಕೂತಲ್ಲಿ ಕೂರುವ ಹೆಂಗಸಲ್ಲ. ಇಗರ್ಜಿಯಲ್ಲಿ ಪಾದ್ರಿಗಳ ಪ್ರವಚನ ಸ್ವಲ್ಪ ಉದ್ದವಾದರೆ ಸಾಕು, ಅವಳ ಕೈ ಬೆಂಚಿನ ಮೇಲಿನ ಪ್ರಾರ್ಥನೆ ಪುಸ್ತಕಗಳನ್ನೆಲ್ಲ ಒಂದರ ಮೇಲೊಂದು ನೇರ ಜೋಡಿಸತೊಡಗುತ್ತಿತ್ತು. ಮನೆಯಲ್ಲಿ ಒಂದು ಲೋಟ ಚಹಾ ಮುಗಿಸುವಷ್ಟರಲ್ಲಿ ಎದ್ದು ಗ್ಯಾಸ್ ನೋಡಿ, ಮತ್ತೆ ಎದ್ದು ಬಾಗಿಲ ಚಿಲಕ ನೋಡಿ, ಬಟ್ಟೆ ಒಣಗಿದೆಯೋ ಎಂದು ಬಾಲ್ಕನಿಗೊಮ್ಮೆ ಹೋಗಿ ಬರುವಳು. ಚಹಾ ತಣ್ಣಗಾಗುವುದು. "ಎಂತ ಮಾರಾಯ್ತಿ, ಮೈಯೊಳಗೆ ಕೆಂಜಿರುವೆ ಹೊಕ್ಕಿದೆಯಾ?" ಎಂದು ಗಂಡ ಜೆರಾಲ್ಡ್ ನಗುತ್ತಿದ್ದ. ಅಬುಧಾಬಿಯ ಒಂದು ಹೋಟೆಲಿನಲ್ಲಿ ಮದುವೆ, ಪಾರ್ಟಿಗಳ ಊಟದ ವ್ಯವಸ್ಥೆ ನೋಡಿಕೊಳ್ಳುವ ಅವನಿಗೆ ಮನೆಗೆ ಬಂದರೆ ಸೋಫಾ ಒಂದಿದ್ದರೆ ಸಾಕು. ಎಲೆಕ್ಟ್ರಾ ಸ್ಟ್ರೀಟಿನ ಹಿಂಬದಿಯ ಹಳೆಯ ಕಟ್ಟಡದಲ್ಲಿ ಅವರ ಫ್ಲ್ಯಾಟು. ಶಾಲೆಗೆ ಹೋಗುವ ಮಗಳು ಅಲಿಶಾ.

ಆದರೆ ತಕ್ಕಡಿಯ ಮುಂದೆ ನಿಂತರೆ ಪರ್ಲ್ ಬೇರೆಯೇ ಆಗುತ್ತಿದ್ದಳು. ಮುದರಂಗಡಿಯ ಕಡೆಯಿಂದ ಬಂದ ಈ ಹೆಂಗಸು ಬಹಳ ವರ್ಷ ಇಲ್ಲಿಯ ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿ ಮಕ್ಕಳಿಗೆ ಕೊಡುವ ಪುಡಿಗಳನ್ನು ತೂಗಿ ಪೊಟ್ಟಣ ಕಟ್ಟುವ ಕೆಲಸ ಮಾಡಿದ್ದಳು. ಆ ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯ ಮುಂದೆ ಅವಳ ಕೈ ಕಲ್ಲಿನಂತೆ ನಿಲ್ಲುತ್ತಿತ್ತು. ನಿಲ್ಲುತ್ತಿದ್ದುದು ಕೈ ಮಾತ್ರ, ಮನಸ್ಸಲ್ಲ. ತೂಗಿ ಕೊಟ್ಟದ್ದು ಸರಿಯಿತ್ತೋ ಇಲ್ಲವೋ ಎಂದು ಮನೆಗೆ ಬಂದ ಮೇಲೂ ಯೋಚಿಸುವಳು. ಕೊನೆಗೆ ಔಷಧವೆಲ್ಲ ಸಿದ್ಧ ಪೊಟ್ಟಣದಲ್ಲೇ ಬರತೊಡಗಿ ಆ ಕೋಣೆ ಮುಚ್ಚಿತು. ಅವಳ ಕೆಲಸವೂ ಹೋಯಿತು.

ಕೆಲಸವಿಲ್ಲದ ಪರ್ಲಳನ್ನು ಮನೆಯಲ್ಲಿ ಸಹಿಸುವುದು ಸುಲಭವಿರಲಿಲ್ಲ. ಹಾಗಿರುವಾಗ ಒಂದು ಭಾನುವಾರ ಪೂಜೆ ಮುಗಿದು ಹೊರಗೆ ನಿಂತಿದ್ದಾಗ ಅಲೆಕ್ಸಾಂಡರ್ ಸಿಕ್ಕಿದ. ಕಿನ್ನಿಗೋಳಿಯವನು. ಮೊದಲು ಜೆಬೆಲ್ ಅಲಿಯ ಗೋದಾಮೊಂದರಲ್ಲಿದ್ದು, ಈಗ ಅಬುಧಾಬಿಯ ಹೊರಗೆ ಮರಳುಗಾಡಿನಲ್ಲಿರುವ ಒಂದು ಶೂಟಿಂಗ್ ಕ್ಲಬ್ಬಿನ ಬಂದೂಕು ಕೋಣೆಯ ಉಸ್ತುವಾರಿ ನೋಡುತ್ತಿದ್ದ.

"ಪರ್ಲ್ ಬಾಯಿ, ನಮ್ಮಲ್ಲಿ ಮದ್ದು ತೂಗುವವರು ಬೇಕಿತ್ತು," ಎಂದ.

"ಕ್ಲಬ್ಬಿನಲ್ಲಿ ಆಸ್ಪತ್ರೆ ಉಂಟಾ?"

"ಆ ಮದ್ದಲ್ಲ. ಕೋವಿಯ ಮದ್ದು."

ಪರ್ಲ್ ಗಟ್ಟಿಯಾಗಿ ನಕ್ಕುಬಿಟ್ಟಳು. ಅವಳಿಗೆ ಗೊತ್ತಿದ್ದ ಕೋವಿ ಒಂದೇ: ಅಜ್ಜ ಕಾಡುಹಂದಿ ಓಡಿಸಲು ಇಟ್ಟುಕೊಂಡಿದ್ದು, ಪ್ರತಿ ಚುನಾವಣೆಗೂ ಪೊಲೀಸ್ ಠಾಣೆಗೆ ಹೊತ್ತು ಒಪ್ಪಿಸಿ ಬರುತ್ತಿದ್ದ ಕೋವಿ. ಆದರೆ ಅಲೆಕ್ಸಾಂಡರ್ ನಗಲಿಲ್ಲ. ದೂರದ ಗುರಿಗೆ ಹೊಡೆಯುವ ರೈಫಲ್‌ಗಳಿಗೆ ಅಂಗಡಿಯ ತೋಟೆ ಅಷ್ಟಕ್ಕಷ್ಟೆ, ಅದು ರೆಡಿಮೇಡ್ ಶರಟಿನ ಹಾಗೆ, ಎಲ್ಲರಿಗೂ ಆಗುತ್ತದೆ, ಯಾರಿಗೂ ಸರಿಯಾಗಿ ಕೂರುವುದಿಲ್ಲ ಎಂದು ವಿವರಿಸಿದ. ಪ್ರತಿಯೊಂದು ನಳಿಗೆಗೂ ಅದರದ್ದೇ ಇಷ್ಟ ಇರುತ್ತದೆ. ಆ ಇಷ್ಟವನ್ನು ಹುಡುಕಿ, ಹಿತ್ತಾಳೆಯ ಕೇಸಿಗೆ ಅಷ್ಟೇ ತೂಕದ ಮದ್ದು ತುಂಬಿ, ಮೇಲೆ ಗುಂಡು ಕೂರಿಸಿ, ಒಂದೊಂದೇ ತೋಟೆಯನ್ನು ಕೈಯಲ್ಲಿ ಕಟ್ಟಬೇಕು. ಎಲ್ಲಕ್ಕೂ ಸರ್ಕಾರದ ಪರವಾನಗಿ ಇದೆ. ರೈಫಲ್ ಆಗಲಿ ತೋಟೆಯಾಗಲಿ ಕ್ಲಬ್ಬಿನ ಗೇಟು ದಾಟುವಂತಿಲ್ಲ.

ಜೆರಾಲ್ಡ್ ಬೇಡವೆಂದ. ಪರ್ಲ್ ಹೋಗಿಯೇ ಬಿಟ್ಟಳು.

ಮೊದಲ ವರ್ಷ ಅಲೆಕ್ಸಾಂಡರನ ಪಕ್ಕದಲ್ಲಿ ನಿಂತು ಕಲಿತಳು. ಮದ್ದಿನ ಡಬ್ಬಿ ಮೇಜಿನ ಮೇಲೆ ಒಂದೇ ಇರಬೇಕು, ಎರಡನೆಯದು ಬಂದರೆ ಕೆಲಸ ನಿಲ್ಲಬೇಕು. ಎಸಿಯ ಗಾಳಿ ತಕ್ಕಡಿಗೆ ಬಡಿಯಬಾರದು. ಫೋನು ಹೊರಗೆ. ಹೊಡೆದ ಮೇಲೆ ಖಾಲಿ ಕೇಸುಗಳನ್ನು ಭೂತಗನ್ನಡಿ ಹಿಡಿದು ಓದಬೇಕು: ಅದರ ತಳದಲ್ಲಿ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು, ಪ್ರೈಮರ್, ಇರುತ್ತದೆ. ಅದರ ಅಂಚು ಗುಂಡಗಿದ್ದರೆ ಒಳಗಿನ ಒತ್ತಡ ಹದದಲ್ಲಿದೆ. ಒತ್ತಿದ ಚಪಾತಿಯಂತೆ ಚಪ್ಪಟೆಯಾಗಿ ಹರಡಿದ್ದರೆ ಮದ್ದು ಹೆಚ್ಚಾಗಿದೆ ಎಂದರ್ಥ. ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟಿನ ಹಿಡಿ ಎತ್ತುವಾಗ ಬಿಗಿಯೆನಿಸಿದರೂ ಅದೇ ಅರ್ಥ. ಈ ಎರಡರಲ್ಲಿ ಒಂದು ಗುರುತು ಕಂಡರೂ ಅಲ್ಲಿಗೆ ಖಲಾಸ್, ಹಿಂದೆ ಬರಬೇಕು. ಅಲೆಕ್ಸಾಂಡರ್ ಇದನ್ನು ಜಪದಂತೆ ಹೇಳಿಸಿದ್ದ.

ಎರಡನೆಯ ವರ್ಷ ಅವಳ ಪಾಲಿಗೆ ಬಂದವರು ಕ್ಲಬ್ಬಿನ ಸದಸ್ಯ ಸಂಗಪ್ಪ. ಇಳಕಲ್ ಕಡೆಯವರು, ಮದೀನತ್ ಜಾಯೆದ್‌ನಲ್ಲಿ ಸಂಸಾರ, ಅಲ್ಲಿಂದ ಮುಂದಿನ ಗ್ಯಾಸ್ ಪ್ಲಾಂಟಿನಲ್ಲಿ ಇಂಜಿನಿಯರ್. ವಾರಕ್ಕೊಮ್ಮೆ ಅಷ್ಟು ದೂರದಿಂದ ಕಾರು ಓಡಿಸಿಕೊಂಡು ಬಂದು, ಕ್ಲಬ್ಬಿನ ರೈಫಲ್ ಒಂದರ ಹಿಂದೆ ಮಲಗುವರು. ಮಲಗಿದರೆಂದರೆ ಮೊಸಳೆ ಮಲಗಿದ ಹಾಗೆ. ಗಾಳಿ ಸರಿಯಾಗುವವರೆಗೆ ರೆಪ್ಪೆ ಕೂಡ ಹೊಡೆಯರು. ಅವರ ಹಿಂದೆ ಪರ್ಲ್ ಆ ತುದಿಯಿಂದ ಈ ತುದಿಗೆ ನಡೆಯುವಳು.

"ಅಕ್ಕಾರ, ನಿಮ್ಮ ಚಪ್ಪಲಿ ಸಪ್ಪಳಕ್ಕ ನನ್ನ ನಾಡಿ ಬಡಿಯಾಕ ಹತ್ತೇತಿ, ಒಂದೀಟು ನಿಲ್ರೆಲಾ," ಎನ್ನುವರು ಕಣ್ಣು ತೆಗೆಯದೆಯೇ.

"ನಿಲ್ಲಲಿಕ್ಕೆ ಆಗುದಿಲ್ಲ ಸರ್. ನೀವು ಬೇಗ ಹೊಡೀರಿ."

ಕ್ಲಬ್ಬುಗಳ ನಡುವಿನ ದೂರಗುರಿ ಪಂದ್ಯ ಫೆಬ್ರವರಿ ಕೊನೆಗಿತ್ತು. ಅದಕ್ಕಾಗಿ ಡಿಸೆಂಬರಿನಿಂದ ಇಬ್ಬರೂ ಆ ರೈಫಲಿನ ಇಷ್ಟವನ್ನು ಹುಡುಕಿದರು. ಪರ್ಲ್ ಮದ್ದಿನ ತೂಕವನ್ನು ಕೂದಲೆಳೆಯಷ್ಟು ಏರಿಸುತ್ತ ಐದೈದು ತೋಟೆಗಳ ಕಟ್ಟು ಮಾಡಿ ಕೊಡುವಳು. ಅವರು ಒಂದೊಂದು ಕಟ್ಟನ್ನೂ ಕಾಗದದ ಬೇರೆ ಬೇರೆ ಗುರಿಗೆ ಹೊಡೆಯುವರು. ತೂತುಗಳು ಅಂಗೈಯಗಲ ಚದುರುವವು, ಸ್ವಲ್ಪ ಕೂಡುವವು, ಮತ್ತೆ ಚದುರುವವು. ಗುಂಡನ್ನು ಕೇಸಿನೊಳಗೆ ಎಷ್ಟು ಆಳ ಕೂರಿಸಬೇಕೆಂದು ಇನ್ನೊಂದಿಷ್ಟು ವಾರ ಹೋಯಿತು. ಪರ್ಲಳಿಗೆ ಇದರ ಹುಚ್ಚು ಹಿಡಿಯಿತು. ಮೀನು ಕೊಯ್ಯುವಾಗಲೂ ಅದೇ ಯೋಚನೆ, ಬಸ್ಸಿನಲ್ಲೂ ಅದೇ.

ಜನವರಿಯ ಒಂದು ಬೆಳಿಗ್ಗೆ, ಸ್ವೆಟರ್ ಹಾಕಿಕೊಂಡರೂ ಬೆರಳು ಮರಗಟ್ಟುವಂಥ ಚಳಿ. ಸಂಗಪ್ಪ ಐದು ಗುಂಡು ಹೊಡೆದರು. ದುರ್ಬೀನಿನಲ್ಲಿ ನೋಡುತ್ತಿದ್ದ ಪರ್ಲಳಿಗೆ ಮೊದಲನೆಯದರ ತೂತು ಕಾಣಿಸಿತು, ಉಳಿದ ನಾಲ್ಕು ಕಾಣಿಸಲಿಲ್ಲ. ತಪ್ಪಿ ಹೋದವೆಂದುಕೊಂಡು ಹಲ್ಲು ಕಡಿದಳು. ಗುರಿಯ ಹತ್ತಿರ ಹೋಗಿ ನೋಡಿದರೆ ಒಂದೇ ತೂತು, ಒಂದು ಕರಿಬೇವಿನ ಎಲೆಯಷ್ಟು ಉದ್ದ. ಐದೂ ಅದರಲ್ಲೇ ಹೊಕ್ಕು ಹೋಗಿದ್ದವು.

ಸಂಗಪ್ಪ ಆ ಕಾಗದದ ಮೇಲೆ ಬೆರಳಾಡಿಸಿದರು. "ಇದು ಹೊಡತ ಅಲ್ರೀ ಅಕ್ಕಾರ. ಹೊಲಿಗಿ."

ಪರ್ಲ್ ಅದರ ಫೋಟೋ ತೆಗೆದು ಮನೆಯಲ್ಲಿ ಅಲಿಶಾಳಿಗೆ ತೋರಿಸಿದಳು. "ಇಟ್ಸ್ ಜಸ್ಟ್ ಎ ಹೋಲ್, ಮಮ್ಮಾ," ಎಂದಳು ಹುಡುಗಿ. ಪರ್ಲ್ ಫೋನು ಕಸಿದುಕೊಂಡಳು. ಆದರೂ ಆ ರಾತ್ರಿ, ಬಹಳ ದಿನದ ಮೇಲೆ, ಅವಳಿಗೆ ಮಲಗಿದ ಕೂಡಲೇ ನಿದ್ದೆ ಬಂತು.

ಪಂದ್ಯ ಮಾತ್ರ ನಡೆಯಲಿಲ್ಲ. ಫೆಬ್ರವರಿಯಲ್ಲಿ ಬಿದ್ದ ಜೋರು ಮಳೆಗೆ ಗುರಿಗಳ ಹಿಂದಿನ ಮಣ್ಣಿನ ದಿಬ್ಬ ಕುಸಿದು, ಎಲ್ಲವನ್ನೂ ಮೇ ತಿಂಗಳಿಗೆ ಮುಂದೂಡಿದರು. ಮಾರ್ಚ್ ನಡುವಿನಲ್ಲಿ ಅಲೆಕ್ಸಾಂಡರ್ ತೋಟೆ ಕೋಣೆಯ ಬಾಗಿಲಿಗೆ ಬಂದು ನಿಂತ.

"ಪರ್ಲ್ ಬಾಯಿ, ನಿಮ್ಮ ಆ ಅಳತೆ ಚಳಿಗಾಲದ್ದು. ಬಿಸಿಲಿಗೆ ಮದ್ದು ಜೋರಾಗ್ತದೆ. ಬಿಸಿಯಲ್ಲಿ ಇನ್ನೊಮ್ಮೆ ಕೆಳಗಿನ ತೂಕದಿಂದ ನೋಡಿಕೊಂಡು ಬನ್ನಿ."

"ನೋಡ್ತೇನೆ," ಎಂದಳು.

ನೋಡಲಿಲ್ಲ. ಆ ವಾರ ಬೇರೆ ಸದಸ್ಯರ ಕೆಲಸವಿತ್ತು. ಮುಂದಿನ ವಾರ ಸಂಗಪ್ಪ ಬರಲಿಲ್ಲ. ಅದರ ಮುಂದಿನ ವಾರಕ್ಕೆ ಅವಳ ಬಳಿ ನೆಪವೇ ಇರಲಿಲ್ಲ, ಆದರೂ ನೋಡಲಿಲ್ಲ. ಮದ್ದಿನ ಡಬ್ಬಿಯ ಮೇಲೆ ಬಿಸಿಗೆ ಅಷ್ಟಾಗಿ ಜಗ್ಗದ ಮದ್ದು ಎಂದು ಬರೆದಿತ್ತು. ಅದನ್ನು ಓದಿ ಸಮಾಧಾನ ಮಾಡಿಕೊಂಡಳು, ಮತ್ತೆ ಹೋಗಿ ಓದಿದಳು. ಕೆಳಗಿಂದ ಶುರು ಮಾಡಿದರೆ ಆ ಒಂದು ತೂತು ಕೈತಪ್ಪಿ ಹೋಗುತ್ತದೆ. ಅದು ತಪ್ಪುವುದು ಅವಳಿಗೆ ಬೇಕಿರಲಿಲ್ಲ.

ಏಪ್ರಿಲ್ ಮೊದಲಲ್ಲಿ ಸಂಗಪ್ಪ ಹೊಡೆದ ಕೇಸುಗಳನ್ನು ಭೂತಗನ್ನಡಿಯಲ್ಲಿ ನೋಡುವಾಗ ಒಂದೆರಡು ಪ್ರೈಮರ್‌ಗಳ ಅಂಚು ಚೂರು ಹರಡಿದಂತೆ ಕಂಡಿತು. ದೀಪ ಹತ್ತಿರ ಎಳೆದಳು. ಹೌದೆನಿಸಿತು. ದೀಪ ದೂರ ತಳ್ಳಿದಳು. ಅಲ್ಲವೆನಿಸಿತು. ಕೇಸುಗಳನ್ನು ಡಬ್ಬಿಗೆ ಸುರಿದು, ಮೇಜು ಒರೆಸಿ, ಒರೆಸಿದ ಮೇಜನ್ನೇ ಮತ್ತೆ ಒರೆಸಿ ಮನೆಗೆ ಹೋದಳು.

ಅವಘಡವಾದದ್ದು ಅದರ ಮುಂದಿನ ಶನಿವಾರ, ನಡುಮಧ್ಯಾಹ್ನ. ಬಿಸಿಲು ಕಣ್ಣಿಗೆ ಇರಿಯುತ್ತಿತ್ತು. ಸಂಗಪ್ಪ ಒಂದರ ಹಿಂದೊಂದು ಹೊಡೆಯುತ್ತಿದ್ದರು. ನಳಿಗೆಯ ಮೇಲಿನ ಗಾಳಿ ನೀರಿನಂತೆ ನಡುಗುತ್ತಿತ್ತು. ಇನ್ನೊಂದು ತೋಟೆ ಒಳಗೆ ತಳ್ಳಿ ಬೋಲ್ಟು ಮುಚ್ಚಿದರು. ಅಷ್ಟರಲ್ಲಿ ಗಾಳಿ ತೋರಿಸುವ ದೂರದ ಬಾವುಟ ಈ ಕಡೆ ಆ ಕಡೆ ಹೊಯ್ದಾಡತೊಡಗಿತು. ಅವರು ಕಾದರು. ಪರ್ಲ್ ಹಿಂದೆ ಹೋಗಿ ಬಂದು ಮಾಡುತ್ತಿದ್ದಳು. ಕಾದ ನಳಿಗೆಯೊಳಗೆ ತೋಟೆ ಬೇಯುತ್ತಿದೆ ಎಂಬುದು ಅವಳ ತಲೆಗೆ ಹೊಳೆಯಿತು. ಹೇಳಬೇಕು ಎಂದು ಬಾಯಿ ತೆರೆದಳು.

ಸದ್ದು ಬೇರೆಯಾಗಿತ್ತು. ಗಂಟೆಯಂತೆ ಹೊಡೆಯಬೇಕಾದದ್ದು ಬಿದಿರು ಸಿಡಿದಂತೆ ಹೊಡೆಯಿತು. ಬೋಲ್ಟಿನ ಪಕ್ಕದಿಂದ ಹೊಗೆ ಚಿಮ್ಮಿತು. ಸಂಗಪ್ಪ ತಲೆಯನ್ನು ಕೆಳಗಿಟ್ಟರು.

ಪರ್ಲ್ ಓಡಿಹೋಗಿ ಮಂಡಿಯೂರಿದಳು. "ಸರ್! ಸರ್, ಕಣ್ಣು! ಕಣ್ಣು ತೋರಿಸಿ!"

ಅವರು ಮೆಲ್ಲಗೆ ಮುಖ ತಿರುಗಿಸಿದರು. ಕೆನ್ನೆಗೆ ಮಸಿ ಮೆತ್ತಿತ್ತು. ರಕ್ಷಣಾ ಕನ್ನಡಕದ ತುಂಬ ಮರಳು ಎರಚಿದಂತೆ ಚುಕ್ಕೆಗಳು. ಅದರ ಮೇಲೆ ಹುಬ್ಬಿನಿಂದ ರಕ್ತ ಸಣ್ಣಗೆ ಇಳಿಯುತ್ತಿತ್ತು. ಅವರು ಕೇಳಿದ ಮೊದಲ ಮಾತು, "ಎಲ್ಲಿ ಬಿತ್ತ್ರೀ?"

ಗುಂಡು ಎಲ್ಲಿ ಬಿತ್ತೆಂದು ಯಾರೂ ನೋಡಿರಲಿಲ್ಲ. ಬೋಲ್ಟು ಕೈಗೆ ಬರಲಿಲ್ಲ, ಅಲೆಕ್ಸಾಂಡರ್ ಮರದ ಸುತ್ತಿಗೆಯಿಂದ ತಟ್ಟಿ ತೆರೆದ. ಕೇಸಿನ ತಳ ಊದಿಕೊಂಡಿತ್ತು, ಪ್ರೈಮರ್ ಕಳಚಿ ಬಿದ್ದಿತ್ತು. ಅವನು ಆ ಕೇಸನ್ನು ಅವಳ ಅಂಗೈಯಲ್ಲಿಟ್ಟ. ತೋಟೆ ಕೋಣೆಗೆ ಬೀಗ ಬಿತ್ತು.

ಸೋಮವಾರ ವಿಚಾರಣೆಗೆ ಕರೆದರು. ಆ ಕಟ್ಟಿನಲ್ಲಿ ಉಳಿದಿದ್ದ ತೋಟೆಗಳನ್ನೆಲ್ಲ ಅವಳ ಮುಂದೆಯೇ ಬಿಚ್ಚಿ ಮದ್ದು ತೂಗಿದರು. ಒಂದೂ ತಪ್ಪಿರಲಿಲ್ಲ. ಕೂದಲಷ್ಟೂ ಹೆಚ್ಚುಕಡಿಮೆಯಿಲ್ಲ. "ನಿಮ್ಮ ಕೈ ಸರಿ ಉಂಟು," ಎಂದ ಅಲೆಕ್ಸಾಂಡರ್. ಅದು ಸಮಾಧಾನದ ಮಾತೆಂದು ಅವನೆಣಿಸಿದ್ದ. ಪರ್ಲಳಿಗೆ ಅದು ಸಮಾಧಾನವಾಗಲಿಲ್ಲ. ಕೈ ತಪ್ಪಿದ್ದರೆ ಒಂದು ಗಳಿಗೆಯ ತಪ್ಪಾಗುತ್ತಿತ್ತು. ಕೈ ತಪ್ಪಿರಲಿಲ್ಲ. ಎಲ್ಲ ಗೊತ್ತಿದ್ದೂ ಅಷ್ಟೇ ತೂಗಿ ತೂಗಿ ಕೊಟ್ಟಿದ್ದಳು. ಬಾಯಿ ಬಿಟ್ಟು ಹೇಳಬೇಕೆಂದುಕೊಂಡಳು. ಬದಲಿಗೆ ಬಿಚ್ಚಿದ ಕೇಸುಗಳನ್ನು ಸಾಲಾಗಿ ಜೋಡಿಸುತ್ತ ಕೂತಳು. ಅಲೆಕ್ಸಾಂಡರ್ ಬಿಸಿಲಿನ ಮೇಲೆ ತಪ್ಪು ಹೊರಿಸಿ, ಹಾವೂ ಸಾಯದಂತೆ ಕೋಲೂ ಮುರಿಯದಂತೆ ವರದಿ ಬರೆದು ಅವಳನ್ನು ಮನೆಗೆ ಕಳಿಸಿದ.

ಮನೆಯಲ್ಲಿ ಅವಳು ತೊಳೆದ ಪಾತ್ರೆಗಳನ್ನು ತೊಳೆದಳು. ಕಪಾಟು ಖಾಲಿ ಮಾಡಿ ಮತ್ತೆ ತುಂಬಿಸಿದಳು. ಸಂಜೆ ಅಲಿಶಾಳನ್ನು ಎಳೆದುಕೊಂಡು ಎಲೆಕ್ಟ್ರಾ ಸ್ಟ್ರೀಟಿನಲ್ಲಿ ನಡೆದಳು. ಫೋನಿನ ಅಂಗಡಿ, ವಾಚಿನ ಅಂಗಡಿ, ಜ್ಯೂಸಿನ ಅಂಗಡಿ, ತುದಿ ಮುಟ್ಟಿ ತಿರುಗಿ ಮತ್ತೆ ಅದೇ ಜ್ಯೂಸಿನ ಅಂಗಡಿ.

"ಮಮ್ಮಾ, ವೇರ್ ಆರ್ ವಿ ಗೋಯಿಂಗ್?"

"ಎಲ್ಲಿಗೂ ಇಲ್ಲ. ನಡಿ."

ಜೆರಾಲ್ಡ್ ಸೋಫಾದಿಂದ ಎದ್ದು ಬಂದು ಅವಳ ಎರಡೂ ಭುಜ ಹಿಡಿದು ನಿಲ್ಲಿಸಿದ. "ಖಲಾಸ್ ಪರ್ಲ್. ಸಾಕು. ಮೆಲಿಸ್ಸಾ ಹೇಳಿದ್ದಾಳೆ, ಅವರ ಆಸ್ಪತ್ರೆಯ ಫಾರ್ಮಸಿಯಲ್ಲಿ ಜಾಗ ಉಂಟಂತೆ. ಅಲ್ಲಿಗೆ ಹೋಗು." ಮೆಲಿಸ್ಸಾ ಅವಳ ಹಳೆಯ ಸಹೋದ್ಯೋಗಿ.

"ಹೋಗ್ತೇನೆ. ಮೊದಲು ಅವರನ್ನೊಮ್ಮೆ ನೋಡಬೇಕು."

"ಫೋನ್ ಮಾಡು."

ಮಾಡಿದ್ದಳು. ಸಂಗಪ್ಪ ಎತ್ತಿರಲಿಲ್ಲ. ಅದೇ ಅವಳನ್ನು ತಿನ್ನುತ್ತಿದ್ದದ್ದು. ಭಾನುವಾರ ಪೂಜೆಗೂ ನಿಲ್ಲದೆ ಬಸ್ ನಿಲ್ದಾಣಕ್ಕೆ ಹೋಗಿ ಮದೀನತ್ ಜಾಯೆದ್ ಬಸ್ಸು ಹತ್ತಿದಳು. ಬಸ್ಸು ಅರ್ಧ ಖಾಲಿ. ಕಿಟಕಿಯ ಪಕ್ಕ ಕೂತಳು, ಬಿಸಿಲೆಂದು ಆ ಕಡೆ ಹೋದಳು, ಅಲ್ಲಿ ಎಸಿಯೆಂದು ಹಿಂದೆ ಹೋದಳು. ಹೊರಗೆ ಮರಳು ಕೆಂಪಾಗುತ್ತ ಹೋಯಿತು. ಕಣ್ಣು ನಿಜಕ್ಕೂ ಸರಿಯಿದೆಯೇ? ಕಾಣುತ್ತಿಲ್ಲವೆಂದೇ ಫೋನು ಎತ್ತಲಿಲ್ಲವೇ?

ಬಾಗಿಲು ತೆರೆದದ್ದು ಚನ್ನಬಸವ್ವ, ಸಂಗಪ್ಪನವರ ಹೆಂಡತಿ. ಇಳಕಲ್ ಸೀರೆಯ ಸೆರಗು ತಲೆಯ ಮೇಲೆ, ಕೈಗೆ ಹಿಟ್ಟು. ಪರ್ಲ್ ಹೆಸರು ಹೇಳಿದಳು.

"ಓ, ಮದ್ದಿನ ಅಕ್ಕಾರು! ಒಳಗ ಬರ್ರಿ. ನಾ ನಿಮ್ಮನ್ನ ಬೈಯಾಕ ಹತ್ತಿ ಒಂದು ವಾರ ಆತು."

"ಬೈಯಿರಿ," ಎಂದಳು ಪರ್ಲ್, ಹೊಸ್ತಿಲಲ್ಲೇ ನಿಂತು.

"ಹಂಗ ಹಸಿದವರನ್ನ ಬೈಯಾಂಗಿಲ್ರೀ ನಾವು. ಮದ್ಲ ಉಣ್ರಿ."

ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆಮೊಸರು. ಪರ್ಲಳಿಗೆ ತುತ್ತು ಇಳಿಯುತ್ತಿರಲಿಲ್ಲ. ಆದರೂ ಚನ್ನಬಸವ್ವ ಎದುರಿಗೇ ಕೂತು ಬಡಿಸಿದರು. ತಟ್ಟೆ ಖಾಲಿಯಾದ ಮೇಲೆ ಕೈ ತೊಳೆಯಲು ನೀರು ಕೊಟ್ಟು, ಒರೆಸಿಕೊಳ್ಳಲು ಟವೆಲ್ ಕೊಟ್ಟು, ಬೈಯಲು ಶುರು ಮಾಡಿದರು.

"ಕಣ್ಣು ಹೋಗಿದ್ರ ಯಾರು ತಂದು ಕೊಡ್ತಿದ್ರಿ? ಕಾಗದಕ್ಕ ತೂತು ಹೊಡಿಯೂ ಚಟಕ್ಕ ನಾನೇನು ಕುರುಡನ ಕೈ ಹಿಡಕೊಂಡು ಅಡ್ಡಾಡಬೇಕಿತ್ತೇನು? ನಿಮಗೂ ಮನಿ ಐತಿ, ಮಗಳದಾಳ. ಒಂದೀಟರ ಭಯ ಬ್ಯಾಡೇನು?" ಹೇಳುತ್ತ ಹೇಳುತ್ತ ಅವರ ದನಿ ನಡುಗಿತು. ಪರ್ಲ್ ತಲೆ ತಗ್ಗಿಸಿ ಪೂರ್ತಿ ಕೇಳಿದಳು. ಬೇರೆ ಯಾರೂ ಅವಳನ್ನು ಬೈದಿರಲಿಲ್ಲ. ಬೈಸಿಕೊಂಡದ್ದು ಒಂದು ರೀತಿ ಹಗುರವೆನಿಸಿತು.

ಆಗ ಒಳಕೋಣೆಯಿಂದ ಸಂಗಪ್ಪ ಬಂದರು. ಹುಬ್ಬಿನ ಮೇಲೆ ಸಣ್ಣ ಪಟ್ಟಿ. ಎರಡು ಕಣ್ಣೂ ಸರಿಯಾಗಿ ಅವಳನ್ನೇ ನೋಡುತ್ತಿದ್ದವು. ಪರ್ಲಳಿಗೆ ಅಳು ಬಂತು, ಅದನ್ನು ಅಡಗಿಸಲು ಎದ್ದು ನಿಂತಳು.

"ಫೋನ್ ಯಾಕೆ ಎತ್ತಲಿಲ್ಲ ಸರ್?"

"ಯಾವ ಮುಖ ಇಟಗೊಂಡು ಎತ್ತಲಿ ಅಕ್ಕಾರ." ಅವರು ಗೋಡೆಗೊರಗಿ ನೆಲದ ಮೇಲೆ ಕೂತರು. "ಹಿಂದಿನ ಸಲ ಹೊಡಿಯುವಾಗನ ಬೋಲ್ಟ್ ಬಿಗಿ ಬಂದಿತ್ತು. ಅವತ್ತೂ ಮದ್ಲಿಂದನೂ ಬಿಗಿನ ಇತ್ತು. ನಾ ಹೇಳಲಿಲ್ಲ."

"ಯಾಕೆ?"

"ಹೇಳಿದ್ರ ನೀವು ಮದ್ದು ಇಳಸ್ತಿದ್ರಿ."

ಪರ್ಲ್ ಅವರ ಎದುರಿಗೆ ಕೂತಳು. ಆಮೇಲೆ, "ನಾನು ಪ್ರೈಮರ್ ನೋಡಿದ್ದೆ," ಎಂದಳು. "ಅಂಚು ಹರಡಿತ್ತು. ಅಲೆಕ್ಸಾಂಡರ್ ಕೂಡ ಬಿಸಿಯಲ್ಲಿ ಪರೀಕ್ಷೆ ಮಾಡಿ ಅಂದಿದ್ದ. ನಾನು ಮಾಡಲಿಲ್ಲ. ನನಗೂ ಆ ಒಂದು ತೂತು ಬೇಕಿತ್ತು ಸರ್."

ಚನ್ನಬಸವ್ವ ಇಬ್ಬರ ಮುಖವನ್ನೂ ನೋಡಿದರು. "ಚಲೋ ಜೋಡಿ ಆತು," ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಮರುದಿನ ಸಂಗಪ್ಪ ರಜೆ ಹಾಕಿ ಬಂದರು. ಇಬ್ಬರೂ ಅಲೆಕ್ಸಾಂಡರನ ಮುಂದೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವನು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ. ಅವನ ಸಿಟ್ಟು ಜೋರು ದನಿಯಲ್ಲಿ ಬರುವಂಥದ್ದಲ್ಲ.

"ಪರ್ಲ್ ಬಾಯಿ, ನಿಮ್ಮನ್ನು ಈ ಕೋಣೆಗೆ ತಂದದ್ದು ನಾನು. ಏನಾದರೂ ಆಗಿದ್ದರೆ ಇವರ ಹೆಂಡತಿಗೆ ನಾನು ಮುಖ ತೋರಿಸಬೇಕಿತ್ತು, ನೀವಲ್ಲ."

"ಗೊತ್ತು. ಬಿಟ್ಟು ಹೋಗಿ ಅಂದರೆ ಹೋಗ್ತೇನೆ."

"ಹೋಗುವುದು ಸುಲಭ." ಅವನು ವರದಿಯನ್ನು ಹರಿದು ಹೊಸದು ಬರೆದ. ಅದನ್ನು ಕ್ಲಬ್ಬಿನವರು ಓದಿದ ಮೇಲೆ ಸಂಗಪ್ಪನವರಿಗೆ ಎಚ್ಚರಿಕೆ ಕೊಟ್ಟರು. ಪರ್ಲ್ ಕಟ್ಟಿದ ಯಾವ ತೋಟೆಯೂ ಇನ್ನು ಅಲೆಕ್ಸಾಂಡರನ ಕಣ್ಣು ದಾಟದೆ ಹೊರಗೆ ಹೋಗಬಾರದೆಂದು ಗೊತ್ತುಮಾಡಿದರು. ಅವಳಿಗೆ ಅವಮಾನವಾಯಿತು. ಒಪ್ಪಿಕೊಂಡಳು. ರೈಫಲಿಗೆ ಹೊಸ ಬೋಲ್ಟು ಬಂತು. ಪಂದ್ಯಕ್ಕೆ ಮೂರು ವಾರವಿತ್ತು.

ಈ ಸಲ ಕೆಲಸ ಉರಿಬಿಸಿಲಲ್ಲೇ. ತೋಟೆಗಳನ್ನು ಪೆಟ್ಟಿಗೆಯಲ್ಲಿಟ್ಟು, ಉಷ್ಣಮಾಪಕ ಇಟ್ಟು, ಪಂದ್ಯದ ದಿನ ಎಷ್ಟು ಕಾಯಬಹುದೋ ಅಷ್ಟು ಕಾಯಿಸಿ ಹೊಡೆಯಬೇಕು. ಪರ್ಲ್ ತೀರ ಕೆಳಗಿನ ತೂಕದಿಂದ ಶುರು ಮಾಡಿದಳು. ಸಂಗಪ್ಪ ಒಂದೊಂದು ಹೊಡೆತಕ್ಕೂ ಬೋಲ್ಟು ಎತ್ತಿ, "ಹಗುರ" ಎಂದು ಕೂಗುವರು. ಅವಳು ಕೇಸನ್ನು ಅಲ್ಲೇ ಎತ್ತಿಕೊಂಡು ನೋಡುವಳು. ತೂತುಗಳು ಊರೆಲ್ಲ ಚದುರಿದವು. ಬೆವರು ಕಣ್ಣಿಗಿಳಿಯಿತು. ಅವಳ ಓಡಾಟಕ್ಕೆ ಚಪ್ಪಲಿಯ ಅಟ್ಟೆಯೇ ಕಿತ್ತು ಬಂತು. ಮನೆಯಲ್ಲಿ ಜೆರಾಲ್ಡ್ ಮಾತು ಬಿಟ್ಟಿದ್ದ. ಮೆಲಿಸ್ಸಾ ಎರಡು ಸಲ ಫೋನ್ ಮಾಡಿದಳು.

ಮೇಲೇರುತ್ತ ಏರುತ್ತ ಒಂದು ಅಳತೆಯಲ್ಲಿ ಐದು ಗುಂಡು ಲಿಂಬೆಹಣ್ಣಿನ ಹೋಳಿನಷ್ಟು ಜಾಗದಲ್ಲಿ ಕೂಡಿದವು. ಕೆಟ್ಟದ್ದಲ್ಲ. ಹಾಗೆಂದು ಚಳಿಗಾಲದ್ದೂ ಅಲ್ಲ. ಇನ್ನೊಂದೇ ಮೆಟ್ಟಿಲು ಏರಿಸಿ ಹೊಡೆದಾಗ ಪರ್ಲ್ ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ. ಮೂರು ಗುಂಡು ಒಂದನ್ನೊಂದು ಮುಟ್ಟಿಕೊಂಡು ನಿಂತಿದ್ದವು. ನಾಲ್ಕನೆಯದೂ ಅಲ್ಲೇ.

ಸಂಗಪ್ಪ ಐದನೆಯದನ್ನು ಹೊಡೆಯಲಿಲ್ಲ. ನಾಲ್ಕನೆಯದರ ಕೇಸನ್ನು ತೆಗೆದು ಅವಳ ಕೈಗೆ ಕೊಟ್ಟರು.

"ಬೋಲ್ಟು?" ಕೇಳಿದಳು.

"ಹಗುರ ಅಂತ ಹೇಳಾಕ ಬರಾಂಗಿಲ್ಲ. ಬಿಗಿ ಅಂತನೂ ಹೇಳಾಕ ಬರಾಂಗಿಲ್ಲ."

ಕೇಸು ಬೆರಳು ಸುಡುತ್ತಿತ್ತು. ಪರ್ಲ್ ಭೂತಗನ್ನಡಿ ಹಿಡಿದಳು. ಕೈ ನಡುಗಿತು. ತಕ್ಕಡಿಯ ಮುಂದೆ ಎಂದೂ ನಡುಗದ ಕೈ. ಅಂಚು ಚೂರೇ ಚೂರು ಹರಡಿತ್ತೋ, ಬೆಳಕಿನ ಆಟವೋ. ಸಂಗಪ್ಪ ಮಲಗಿದಲ್ಲಿಂದಲೇ ಅವಳ ಮುಖ ನೋಡುತ್ತಿದ್ದರು. ಆ ನಾಲ್ಕು ತೂತುಗಳು ದುರ್ಬೀನಿನ ಕೊನೆಯಲ್ಲಿ ಅಲ್ಲೇ ಇದ್ದವು, ಕೈ ಚಾಚಿದರೆ ಸಿಗುವಂತೆ. ಒಂದು ಕಟ್ಟು ಮಾತ್ರ, ಪಂದ್ಯದ ಆ ಒಂದು ಬೆಳಿಗ್ಗೆಗೆ ಮಾತ್ರ ಎಂದು ಮನಸ್ಸು ಚೌಕಾಸಿಗಿಳಿಯಿತು.

"ಬೇಡ," ಎಂದಳು. "ಬೇಡ ಸರ್. ಎರಡು ಮೆಟ್ಟಿಲು ಕೆಳಗೆ."

"ಎರಡು? ಆ ಲಿಂಬಿಹಣ್ಣಿಗಿಂತನೂ ಕೆಳಗ?"

"ಪಂದ್ಯದ ದಿನ ಇದಕ್ಕಿಂತ ಬಿಸಿಲು ಇದ್ದರೆ?"

ಸಂಗಪ್ಪ ನಿಟ್ಟುಸಿರು ಬಿಟ್ಟು ಐದನೆಯ ತೋಟೆಯನ್ನು ಅವಳಿಗೆ ಹಿಂದಕ್ಕೆ ಕೊಟ್ಟರು.

ಪಂದ್ಯ ಮೇ ನಡುವಿನ ಒಂದು ಬೆಳಿಗ್ಗೆ ನಡೆಯಿತು. ಜೆರಾಲ್ಡ್ ಮುನಿಸು ಬಿಟ್ಟು ಅಲಿಶಾಳನ್ನೂ ಕರೆದುಕೊಂಡು ಬಂದಿದ್ದ. ಚನ್ನಬಸವ್ವ ಬುತ್ತಿಯ ಗಂಟಿನೊಂದಿಗೆ ಬಂದಿದ್ದರು. ದೂರದ ಉಕ್ಕಿನ ತಟ್ಟೆಗಳಿಗೆ ಗುಂಡು ಬಡಿದ ಸದ್ದು ಸ್ವಲ್ಪ ತಡವಾಗಿ ಬಂದು ಮುಟ್ಟುತ್ತಿತ್ತು. ಸಂಗಪ್ಪ ಚೆನ್ನಾಗಿಯೇ ಹೊಡೆದರು. ಕೊನೆಯ ಸುತ್ತಿನಲ್ಲಿ ಗಾಳಿಯನ್ನು ತಪ್ಪಾಗಿ ಓದಿ ಎರಡು ತಟ್ಟೆ ಬಿಟ್ಟರು. ಗೆದ್ದವನು ದುಬೈ ಕಡೆಯ ಒಬ್ಬ ತರುಣ. ಸಂಗಪ್ಪನವರು ಆರನೆಯವರಾದರು.

"ಡಿಡ್ ವಿ ವಿನ್?" ಕೇಳಿದಳು ಅಲಿಶಾ.

"ಇಲ್ಲ," ಎಂದಳು ಪರ್ಲ್.

ಸಂಗಪ್ಪ ಮಾತ್ರ ಗೆದ್ದವರಂತೆ ನಗುತ್ತ ಬಂದರು. "ಅಕ್ಕಾರ, ಬೋಲ್ಟು ಮದ್ಲಿಂದ ಕಡೀತನಕ ಬೆಣ್ಯಾಗ ಚಾಕು ಆಡಿದಂಗ ಆಡ್ತು. ತಟ್ಟಿ ಬಿಟ್ಟದ್ದು ನಾನು. ನಿಮ್ಮ ತೋಟಿ ಅಲ್ಲ."

ಪರ್ಲ್ ತಲೆಯಾಡಿಸಿದಳು. ಆದರೆ ಆ ಬಿಟ್ಟ ಎರಡರಲ್ಲಿ ಒಂದಾದರೂ, ಗುಂಪು ಇನ್ನಷ್ಟು ಬಿಗಿಯಿದ್ದಿದ್ದರೆ, ಅಂಚಿಗಾದರೂ ತಾಗುತ್ತಿತ್ತು ಎಂದು ಅವಳಿಗೆ ಗೊತ್ತಿತ್ತು. ಆ ನಾಲ್ಕು ತೂತಿನ ಮೆಟ್ಟಿಲು ಸರಿಯಿತ್ತೇನೋ. ಬೆಳಕಿನ ಆಟವೇ ಆಗಿತ್ತೇನೋ. ಇದು ಇನ್ನು ಯಾವತ್ತೂ ತಿಳಿಯುವಂತಿರಲಿಲ್ಲ.

"ಇನ್ನಾದರೂ ಮೆಲಿಸ್ಸಾಗೆ ಫೋನ್ ಮಾಡ್ತೀಯಾ?" ಕೇಳಿದ ಜೆರಾಲ್ಡ್, ಎಲ್ಲರೂ ಬುತ್ತಿ ಬಿಚ್ಚಿ ನೆರಳಲ್ಲಿ ಕೂತಾಗ.

"ನಿನ್ನೆಯೇ ಮಾಡಿದೆ. ಬೇರೆ ಯಾರನ್ನಾದರೂ ನೋಡಿಕೊಳ್ಳಲಿಕ್ಕೆ ಹೇಳಿದೆ."

ಜೆರಾಲ್ಡ್ ರೊಟ್ಟಿ ಹಿಡಿದುಕೊಂಡೇ ಅವಳನ್ನು ನೋಡಿದ. ಬೈಯಲಿಲ್ಲ. "ಯಾಕೆ ಅಂತ ಕೇಳಬಹುದಾ?"

"ನನಗೂ ಸರಿ ಗೊತ್ತಿಲ್ಲ ಮಾರಾಯ. ಆಸ್ಪತ್ರೆಯಲ್ಲಿ ತೂಗಿ ಕೊಟ್ಟದ್ದು ಏನಾಯಿತು ಅಂತ ನನಗೆ ಯಾರೂ ಹೇಳ್ತಿರಲಿಲ್ಲ."

ಚನ್ನಬಸವ್ವ ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಪರ್ಲ್ ಅದನ್ನು ಅರ್ಧ ಮುರಿದು, ಬಾಯಿಗಿಡದೆ, ಪಕ್ಕದಲ್ಲಿಟ್ಟಿದ್ದ ಖಾಲಿ ಕೇಸುಗಳ ಡಬ್ಬಿಯನ್ನು ಎಳೆದುಕೊಂಡಳು. ಇಪ್ಪತ್ತು ಮೂವತ್ತು ನೋಡಿದಳು. ಎಲ್ಲದರ ಅಂಚೂ ಗುಂಡಗಿತ್ತು. ಒಂದನ್ನು ಮಾತ್ರ ಬಿಸಿಲಿಗೆ ಹಿಡಿದಳು, ನೆರಳಿಗೆ ಹಿಡಿದಳು, ಹುಬ್ಬು ಗಂಟಿಕ್ಕಿದಳು.

"ಎಂತ?" ಎಂದ ಜೆರಾಲ್ಡ್.

"ಏನಿಲ್ಲ. ಒಳಗೆ ಬೆಳಕು ಸರಿ ಉಂಟು. ಒಮ್ಮೆ ನೋಡಿ ಬರ್ತೇನೆ."

ಅಲೆಕ್ಸಾಂಡರನೂ ತಟ್ಟೆ ಬಿಟ್ಟು ಎದ್ದು, ಜೇಬಿನಿಂದ ತೋಟೆ ಕೋಣೆಯ ಬೀಗದ ಕೈ ತೆಗೆಯುತ್ತ ಅವಳ ಹಿಂದೆ ನಡೆದ.